ಅಕ್ಕನಿಗೆಂದು ಕಟ್ಟಿದ ಎತ್ತರದ ಮಡಿಗಳು

ನಿವೃತ್ತಿಯಾದ ವರ್ಷ ಬಳ್ಳಾರಿಯ ಅಂಚಿನಲ್ಲಿ ಒಂದು ಹಳೆಯ ಮನೆ ಕೊಂಡೆ. ಬಹಳ ಕಾಲ ಬೀಗ ಬಿದ್ದಿದ್ದ ಮನೆ. ಹಿತ್ತಲಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಅದರ ಬುಡದಲ್ಲಿ ಉತ್ತರಾಣಿ, ಎಕ್ಕೆ, ಯಾರೋ ಎಸೆದು ಹೋದ ಒಡೆದ ಸಿಂಟೆಕ್ಸ್ ಟ್ಯಾಂಕು. ಬೇರೆಯವರಾಗಿದ್ದರೆ ಎಲ್ಲ ಕಡಿಸಿ ಬಂಡೆ ಹಾಸಿಬಿಡುತ್ತಿದ್ದರು. ನಾನು ಕುರುಗೋಡಿನ ಶಾಲೆಯಲ್ಲಿ ಗಣಿತ ಕಲಿಸಿದವಳು. ಸಾಮಾನು ಬಿಚ್ಚುವ ಮೊದಲೇ ಚೌಕುಳಿ ಹಾಳೆ, ಸ್ಕೇಲು ಹಿಡಿದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೆ. ನೆಲದಿಂದ ಎತ್ತರಿಸಿ ಕಲ್ಲು ಕಟ್ಟಿದ ನಾಲ್ಕು ಮಡಿಗಳ ನಕ್ಷೆ ಬರೆದೆ. ಒಂದಕ್ಕೆ ಪುಂಡಿಪಲ್ಯ, ಒಂದಕ್ಕೆ ಮೆಂತ್ಯ ಮತ್ತು ಹಕ್ಕರಿಕೆ ಸೊಪ್ಪು, ಉಳಿದೆರಡಕ್ಕೆ ಬದನೆ, ಚವಳಿಕಾಯಿ.

ಇಷ್ಟೆಲ್ಲ ಯೋಚನೆ ನನ್ನ ಅಕ್ಕನ ಸಲುವಾಗಿ. ಅವ್ವ ತೀರಿಕೊಂಡಾಗ ಅವಳಿಗೆ ಹದಿನಾಲ್ಕು, ನನಗೆ ಎಂಟು. ಅಪ್ಪ ಇದ್ದೂ ಇಲ್ಲದಂತಿದ್ದ. ದೇಶನೂರಿನ ಗದ್ದೆಗಳಲ್ಲಿ ಭತ್ತದ ನಾಟಿ ಮಾಡಿ ನನ್ನನ್ನು ಸಿರುಗುಪ್ಪದ ಹೈಸ್ಕೂಲಿಗೆ, ಆಮೇಲೆ ಟೀಚರ್ ಟ್ರೈನಿಂಗಿಗೆ ಕಳಿಸಿದವಳು ಅವಳೇ. ಕಾಲುವೆಗೆ ನೀರು ಬಂತೆಂದರೆ ಅವಳ ಸೊಂಟ ಬಾಗುತ್ತಿತ್ತು. ಎಡಗೈಯಲ್ಲಿ ಸಸಿಯ ಕಟ್ಟು, ಮೊಣಕಾಲು ನೆಟ್ಟಗೆ, ಹೆಜ್ಜೆ ಹಿಂದಕ್ಕೆ. ಐವತ್ತು ವರ್ಷ ಹೀಗೆ ನಡೆದ ಮೇಲೆ ಬೆನ್ನು ಬಾಗಿದ್ದು ಬಾಗಿದಂತೆಯೇ ನಿಂತುಬಿಟ್ಟಿತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಇನ್ನು ಬಗ್ಗಿ ಕೆಲಸ ಮಾಡಿದರೆ ಕಾಲೂ ಹೋದಾವು ಎಂದು ಡಾಕ್ಟರು ಹೆದರಿಸಿದ್ದರು. ಅವಳನ್ನು ಕರೆತಂದು ಕೊನೆಯವರೆಗೂ ನನ್ನ ಬಳಿಯೇ ಇಟ್ಟುಕೊಳ್ಳಬೇಕು, ಅವಳು ಇನ್ನು ಬಗ್ಗಲೇಬಾರದು ಎಂಬುದೊಂದೇ ನನ್ನ ಆಸೆ. ಕೈಗೆ ಕೆಲಸವಿಲ್ಲದಿದ್ದರೆ ಅವಳು ನಾಲ್ಕು ದಿನ ನಿಲ್ಲುವವಳಲ್ಲ. ಅದಕ್ಕೇ ತೋಟ.

ಕುರುಗೋಡಿನ ನನ್ನ ಪರಿಚಯದ ಗೌಂಡಿ ಅಲ್ಲಿಂದಲೇ ಕಲ್ಲು ತಂದ. ನನ್ನ ಹಾಳೆ ನೋಡಿ ನಕ್ಕ.

“ಟೀಚರಮ್ಮಾರ, ಇದು ಕಾಯಿಪಲ್ಯದ ಮಡಿನೋ, ಅಡಗಿಮನಿ ಕಟ್ಟಿನೋ? ಇಷ್ಟೆತ್ತರ ಯಾರಿಗ್ರಿ?”

“ನಮ್ಮಕ್ಕಗ.”

“ಹಂಗಾರ ಅವ್ರನ್ನ ಒಮ್ಮೆ ಕರಕೊಂಡು ಬರ್ರಿ. ನಿಲ್ಲಿಸಿ ನೋಡಿ ಕಟ್ಟೋಣು.”

“ಲೆಕ್ಕದ ಟೀಚರಿಗೆ ಅಳತಿ ಹೇಳಾಕ ಬರಬ್ಯಾಡ್ರಿ” ಎಂದು ಗದರಿದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ನನ್ನ ಸೊಂಟಕ್ಕೆ ಟೇಪು ಹಿಡಿದು ಅಷ್ಟಕ್ಕೇ ಕಟ್ಟಿಸಿದೆ. ಹರೆಯದಲ್ಲಿ ನಾವಿಬ್ಬರೂ ಒಂದೇ ಎತ್ತರ. ಇದ್ದ ಒಂದು ಒಳ್ಳೆಯ ಸೀರೆಯನ್ನು, ಒಂದೇ ಕುಪ್ಪಸವನ್ನು ಸರದಿಯ ಮೇಲೆ ಉಡುತ್ತಿದ್ದೆವು. ನನ್ನ ತಲೆಯಲ್ಲಿ ಅವಳಿನ್ನೂ ಅಷ್ಟೇ ಎತ್ತರವಿದ್ದಳು. ದೇಶನೂರಿನಿಂದಲೇ ಎರೆಮಣ್ಣು ತರಿಸಿ, ಮರಳು, ತಿಪ್ಪೆಗೊಬ್ಬರ ಬೆರೆಸಿ ತುಂಬಿಸಿ, ಆಮೇಲೆ ಅವಳನ್ನು ಕರೆತಂದೆ.

ಅಕ್ಕ ಮಡಿಯ ಮುಂದೆ ಬಂದು ನಿಂತಳು. ಕಲ್ಲು ಅವಳ ಎದೆಗೆ ತಾಗಿತು. ಕೈ ಎತ್ತಿ ಮಣ್ಣು ಮುಟ್ಟಿ, “ಚಂದ ಮಾಡೀದಿ ತಂಗಿ” ಎಂದಳು. ಅಷ್ಟೇ. ಹತ್ತು ದಿನ ಪ್ರಯತ್ನಪಟ್ಟಳು. ಸಸಿ ನೋಡಲು ಕತ್ತು ಮೇಲೆತ್ತಬೇಕು, ಕೈ ಭುಜದವರೆಗೆ ಎತ್ತಬೇಕು. ಸ್ವಲ್ಪ ಹೊತ್ತಿಗೆ ಕಲ್ಲನ್ನು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ನಾನು ಒಳಗಿನಿಂದ ನೋಡಿ, ರೂಢಿಯಾಗುತ್ತದೆ ಬಿಡು ಎಂದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಮಡಿಗಳ ಬಳಿ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಆಚೆ, ನೆಲದಲ್ಲೇ ನಾಲ್ಕು ಗೇಣು ಜಾಗ ಹಸನು ಮಾಡಿಕೊಂಡು, ಬಗ್ಗಿ, ಹೆಜ್ಜೆ ಹಿಂದಿಡುತ್ತಾ ಮೆಣಸಿನ ಸಸಿ ಹಚ್ಚುತ್ತಿದ್ದಳು. ಅವಳ ಕೈ ಎಷ್ಟು ಚುರುಕಾಗಿತ್ತೆಂದರೆ ನನಗೆ ಮೈಯೆಲ್ಲ ಉರಿಯಿತು.

“ಬಗ್ಗಬ್ಯಾಡ ಅಂದಾರಲ್ಲ ಡಾಕ್ಟ್ರು! ಅಷ್ಟೆಲ್ಲಾ ಯಾರಿಗೆ ಕಟ್ಟಿಸೀನಿ ನಾನು?”

ಅವಳು ಕೆಲಸ ನಿಲ್ಲಿಸಲಿಲ್ಲ. “ನೀ ನೆಟ್ಟಗಿದ್ದ ಅಕ್ಕಗ ಕಟ್ಟಿಸೀದಿ ಲೇ. ನಾ ಹಿಂಗ ಅದೀನಿ. ಬಗ್ಗಿದ್ರನ ನಂಗ ಆರಾಮ.”

“ಹಂಗಾರ ಊರಿಗೆ ಹೋಗಿ ಬಗ್ಗಿ ಬಗ್ಗಿ ಸಾಯಿ.”

ಹೌದು, ಈ ಮಾತು ನನ್ನ ಬಾಯಿಂದಲೇ ಬಂತು. ಮರುದಿನ ಅವಳು ಸಿರುಗುಪ್ಪದ ಬಸ್ಸು ಹತ್ತಿದಳು. ಆಮೇಲೆ ಎರಡು ಸಲ ಫೋನು ಮಾಡಿದಳು. ಮೆಂತ್ಯ ಹುಟ್ಟಿತೇನು ಎಂದು ಕೇಳಿದಳು. “ಹುಟ್ಟೇತಿ” ಎಂದು ಇಟ್ಟುಬಿಟ್ಟೆ. ಮನಸ್ಸು ತಡೆಯದೆ ಹೊರಡಬೇಕು ಅನಿಸುತ್ತಿತ್ತು. ಅವಳೇ ಬರಲಿ ಅನ್ನುವ ಹಟವೂ ಇತ್ತು. ಮೂರನೆಯ ತಿಂಗಳು ಅವಳ ಪಕ್ಕದ ಮನೆಯವರಿಂದ ಫೋನು ಬಂತು. ನಿದ್ದೆಯಲ್ಲೇ ಹೋಗಿದ್ದಳು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಕೂಡಿಸಿ, ವಿಭೂತಿ ಹಚ್ಚಿ, ಕೂತಂತೆಯೇ ಮಣ್ಣು ಮಾಡುತ್ತೇವೆ. ನಾನು ದೇಶನೂರು ಮುಟ್ಟಿದಾಗ ಓಣಿಯ ಹೆಂಗಸರು ಅವಳನ್ನು ಗೋಡೆಗೆ ಆನಿಸಿ ಕೂಡಿಸಲು ಒದ್ದಾಡುತ್ತಿದ್ದರು. ತಲೆ ಮುಂದಕ್ಕೇ ಬರುತ್ತಿತ್ತು. ಇಬ್ಬರು ಭುಜ ಹಿಡಿದು ಹಿಂದಕ್ಕೆ ಒತ್ತುತ್ತಿದ್ದರು, ಒಬ್ಬಳು ಹಣೆಗೆ ಕಟ್ಟಲು ಬಟ್ಟೆ ಹಿಡಿದು ನಿಂತಿದ್ದಳು. “ಇನ್ನೊಂಚೂರು ಒತ್ರಿ, ನೆಟ್ಟಗಾಗ್ಲಿ” ಎಂದು ಯಾರೋ ಹೇಳಿದರು.

“ಬಿಡ್ರಿ” ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಜೋರಾಗಿ ಹೇಳಿದೆ. “ಕೈ ತಗೀರಿ ಆಕಿ ಮ್ಯಾಲಿಂದ. ಆಕಿ ಇರೂದ ಹಂಗ.”

ಅವರು ಕೈ ತೆಗೆದರು. ಅಕ್ಕ ಮತ್ತೆ ತನ್ನಂತೆ ಬಾಗಿದಳು. ಮುಖ ನೆಲದ ಕಡೆಗಿತ್ತು. ಅದನ್ನು ನೋಡಬೇಕೆಂದರೆ ನಾನೇ ಬಗ್ಗಬೇಕಿತ್ತು. ಬಗ್ಗಿ ನೋಡಿದೆ.