ಗಣಿಯ ಕಡತದಲ್ಲಿ ನನ್ನ ಹೆಬ್ಬೆಟ್ಟು

ಒಮಾನಿನ ಸೊಹಾರ್ ಪಟ್ಟಣದ ಹಿಂದಿನ ಗುಡ್ಡಗಳಲ್ಲಿದ್ದ ತಾಮ್ರದ ಗಣಿಗೆ ನಾನು ಕೂಲಿಯಾಗಿ ಸೇರಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಊರಲ್ಲಿ ಬಿ.ಕಾಂ. ಮುಗಿಸಿದ್ದೆ. ಬೊಂಬಾಯಿಯ ಏಜೆಂಟ್ ಅದನ್ನು ಮುಚ್ಚಿಡಲು ಹೇಳಿದ. "ಓದಿದವರು ಗಣಿಯಲ್ಲಿ ನಿಲ್ಲುವುದಿಲ್ಲ ಅಂತ ಕಂಪನಿಯವರು ತಗೊಳ್ಳುವುದಿಲ್ಲ. ಹೆಬ್ಬೆಟ್ಟು ಒತ್ತು." ಪಾಸ್‌ಪೋರ್ಟಿನಿಂದ ಕರಾರುಪತ್ರದವರೆಗೆ ಎಲ್ಲ ಕಡೆ ಒತ್ತಿದೆ.

ನಾಲ್ಕೂವರೆಗೆ ಏಳುವುದು, ಐದಕ್ಕೆ ಚಹಾ, ಐದೂವರೆಗೆ ಸುರಂಗಕ್ಕಿಳಿಯುವ ಗಾಡಿ. ಎರಡಕ್ಕೆ ಪಾಳಿ ಮುಗಿಯುತ್ತಿತ್ತು. ಸಂಜೆ ಐದರಿಂದ ಆರರವರೆಗೆ ಕ್ಯಾಂಪಿನ ಹಿಂದಿನ ಬಂಡೆಯ ಮೇಲೆ ಕೂತು ನಾನು ಮನಸ್ಸಿನಲ್ಲೇ ಮಸ್ಕತ್ತಿನ ಖುರುಮ್‌ನಲ್ಲಿದ್ದ ಕಂಪನಿಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ದೂರದ ಕಡಲು ಗೆರೆಯಷ್ಟೇ ಕಾಣುತ್ತಿತ್ತು. ಬಿಸಿಲ ಝಳದಲ್ಲಿ ಗುಡ್ಡಗಳು ಬುಡ ಕಳಚಿಕೊಂಡು ತೇಲುತ್ತಿದ್ದವು. ಆ ಕಚೇರಿಯಲ್ಲಿ ನನ್ನ ಮೇಜು ಕಿಟಕಿಯ ಬಳಿ. ಕಾಗದ ಹಾರದಂತೆ ಒಂದು ನುಣುಪು ಕಲ್ಲು. ಆರಕ್ಕೆ ಸರಿಯಾಗಿ ಎದ್ದು ಊಟದ ಸಾಲಿಗೆ ಬರುತ್ತಿದ್ದೆ.

ಸ್ಟೋರ್‌ಕೀಪರ್ ಮಂಗಳೂರಿನ ಕ್ರಿಶ್ಚಿಯನ್ನರು. ನಾವು ತುಳುವರು ಅವರನ್ನು ಗೌರವದಿಂದ ಪೊರ್ಬುಗಳೇ ಎಂದು ಕರೆಯುತ್ತಿದ್ದೆವು. ಒಂದು ಸಂಜೆ ನಾನು ಹಳೆಯ ಪೇಪರ್ ಹಿಡಿದು ಕೂತಿದ್ದಾಗ ಹಿಂದೆ ಬಂದು ನಿಂತರು.

"ಹೆಬ್ಬೆಟ್ಟಿನವರು ಪೇಪರಲ್ಲಿ ಚಿತ್ರ ನೋಡ್ತಾರೆ ಮಾರಾಯ. ನೀನು ಚಿತ್ರವೇ ಇಲ್ಲದ ಪುಟದಲ್ಲಿ ಹತ್ತು ನಿಮಿಷದಿಂದ ಇದ್ದಿ. ಎಷ್ಟು ಓದಿದ್ದಿ?"

"ಬಿ.ಕಾಂ., ಪೊರ್ಬುಗಳೇ."

"ಬಿ.ಕಾಂ. ಮಾಡಿ ಕಲ್ಲು ಹೊರುವುದಾ? ಖುರುಮ್ ಆಫೀಸಿಗೆ ಕ್ಲಾರ್ಕ್ ಬೇಕಂತೆ. ನಾಳೆ ಪಾಳಿ ಬಿಟ್ಟ ಮೇಲೆ ಬಾ, ನಾನು ಮಾತಾಡ್ತೇನೆ."

ಮರುದಿನ ಸ್ಟೋರ್‌ಕೀಪರ್ ನನ್ನನ್ನು ಕರೆದೊಯ್ದಾಗ ಪರ್ಸನೆಲ್ ಆಫೀಸರ್ ನನ್ನ ಕಡತ ಬಿಚ್ಚಿ ನನ್ನತ್ತ ತಿರುಗಿಸಿದರು. ಹಿಂದಿನ ವಾರವಷ್ಟೇ ಸುಳ್ಳು ಲೈಸೆನ್ಸ್ ತೋರಿಸಿ ಸೇರಿದ್ದ ಒಬ್ಬ ಡ್ರೈವರನ್ನು ಅವರು ವೀಸಾ ರದ್ದು ಮಾಡಿ ಊರಿಗೆ ಕಳಿಸಿದ್ದರು.

"ಇದು ನಿನ್ನ ಹೆಬ್ಬೆಟ್ಟೇ?" ಹಿಂದಿಯಲ್ಲಿ ಕೇಳಿದರು.

"ಹೌದು ಸಾಬ್."

"ಬರೆಯಲು ಬರುತ್ತದೆಯೇ?"

ಮೇಜಿನ ಮೇಲೆ ಪೆನ್ನು ಇತ್ತು, ಪಕ್ಕದಲ್ಲಿ ಕಿಟಕಿಯೂ ಇತ್ತು. ಬಿಸಿಲು ಕಾಗದದ ಮೇಲೆ ಬಿದ್ದಿತ್ತು.

"ಇಲ್ಲ ಸಾಬ್" ಎಂದೆ.

ಹೊರಗೆ ಬಂದ ಮೇಲೆ ಸ್ಟೋರ್‌ಕೀಪರ್ ಕೇಳಿದರು: "ಎಂತ ಮಾಡಿದ್ದು ನೀನು?"

"ಬರುತ್ತದೆ ಅಂದಿದ್ದರೆ ಸುಳ್ಳು ಹೇಳಿ ಬಂದವ ಆಗ್ತಿದ್ದೆ."

"ಈಗ ಎಂತ ಆದದ್ದು ಮತ್ತೆ?"

ಅವರು ಸ್ಟೋರಿಗೆ ನಡೆದರು. ಸ್ಟೋರಿನ ಬಾಗಿಲು ತೆಗೆದು, ನಾನು ಕೇಳದಿದ್ದರೂ ಹೊಸ ಕೈಗವಸು ಕೊಟ್ಟರು. ಪಡೆದವರ ಸಹಿಯ ರಿಜಿಸ್ಟರ್ ಬಿಡಿಸಿ, ನನ್ನ ಮುಖ ನೋಡದೆ, ಹೆಬ್ಬೆಟ್ಟಿನ ಶಾಯಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು.