ಮೀಸೆರಾಯನ ಕವಾಯತು

ರುದ್ರಪ್ಪ ಮೇಷ್ಟ್ರ ಮನೆಯಲ್ಲಿ ಬಾಡಿಗೆಗಿದ್ದ ಮೊದಲ ಎರಡು ವರ್ಷ ಅವರು ಕೂತದ್ದನ್ನು ನಾನು ನೋಡಲೇ ಇಲ್ಲ. ಊಟಕ್ಕೆ ಕೂರುತ್ತಿದ್ದರು, ಅದೂ ತಟ್ಟೆಗೆ ಬಿದ್ದದ್ದು ಮುಗಿಯುವಷ್ಟೇ ಹೊತ್ತು. ಅದನ್ನು ಕೂರುವುದೆಂದು ಅವರೇ ಒಪ್ಪುತ್ತಿರಲಿಲ್ಲ. ಪೇಪರನ್ನು ಕಿಟಕಿಯ ಪಕ್ಕ ನಿಂತು ಓದುತ್ತಿದ್ದರು. ಶಾಲೆಯ ಸ್ಟಾಫ್ ರೂಮಿನಲ್ಲಿ ಅವರಿಗೆಂದು ಒಂದು ಕುರ್ಚಿ ಇತ್ತು, ಅದರ ಮೇಲೆ ಅವರ ಟವೆಲ್ಲು ಕೂರುತ್ತಿತ್ತು. ಯಾರಾದರೂ "ಕೂಡ್ರಿ ಮೇಷ್ಟ್ರೇ" ಎಂದರೆ, "ಕುಂತೋನ ಕಾಲಿಗೆ ತುಕ್ಕು ಹಿಡೀತೈತ್ರಿ" ಎಂದು ಹೊರಗೆ ಹೋಗಿಬಿಡುತ್ತಿದ್ದರು.

ಅವರು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ನಾನು ಮಾಯಕೊಂಡದಿಂದ ಅದೇ ಶಾಲೆಗೆ ಬಂದ ಹೊಸ ಸೈನ್ಸ್ ಮೇಷ್ಟ್ರು. ಅರವತ್ತರ ದಶಕದ ಮೊದಲ ವರ್ಷಗಳವು. ಊರೆಲ್ಲ ಗಿರಣಿಯ ಕೂಗಿಗೆ ಏಳುತ್ತಿದ್ದರೆ ನಾನು ಮಾತ್ರ ರುದ್ರಪ್ಪ ಮೇಷ್ಟ್ರ ಸೀಟಿಗೆ ಏಳುತ್ತಿದ್ದೆ. ಆರಡಿ ಎತ್ತರದ ಮನುಷ್ಯ, ಹರಳೆಣ್ಣೆ ಹಚ್ಚಿ ತಿರುವಿದ ಮೀಸೆ. ಕೊರಳಲ್ಲಿ ಲಿಂಗದ ಕರಡಿಗೆ, ಅದರ ಪಕ್ಕದಲ್ಲೇ ಕರಿ ದಾರಕ್ಕೆ ಕಟ್ಟಿದ ಸೀಟಿ. ಭಾನುವಾರವೂ ಆ ಸೀಟಿಗೆ ರಜೆ ಇರಲಿಲ್ಲ.

ಅವರ ಬಳಿ ಎಲ್ಲ ಕಾಯಿಲೆಗೂ ಮದ್ದಿತ್ತು. ತಲೆನೋವಿಗೆ ಇಪ್ಪತ್ತು ಬಸ್ಕಿ. ನೆಗಡಿಗೆ ಮೈದಾನ ನಾಲ್ಕು ಸುತ್ತು. ಪಾಠ ತಲೆಗೆ ಹತ್ತದವನಿಗೆ ಆರು ಸುತ್ತು. ಒಮ್ಮೆ ನನಗೆ ಹೊಟ್ಟೆನೋವು ಬಂದು ಮುದುಡಿ ಮಲಗಿದ್ದಾಗ ರಟ್ಟೆ ಹಿಡಿದು ಎಬ್ಬಿಸಿ, "ಏಳ್ರಿ ಸೈನ್ಸ್ ಮೇಷ್ಟ್ರೇ, ಮಲಗಿದ್ರೆ ರೋಗಕ್ಕೆ ಹಾಸಿಗಿ ಹಾಸಿ ಕೊಟ್ಟಂಗೆ" ಎಂದು ಸ್ಟೇಷನ್ನಿನವರೆಗೆ ನಡೆಸಿದರು. ಸತ್ಯ ಹೇಳಬೇಕೆಂದರೆ ನೋವು ಹೋಯಿತು. ತೊಂದರೆ ಇದ್ದದ್ದೇ ಅಲ್ಲಿ. ಅವರ ಮದ್ದು ಹತ್ತರಲ್ಲಿ ಎಂಟು ಸಲ ನಾಟುತ್ತಿತ್ತು, ಆದ್ದರಿಂದ ಉಳಿದ ಎರಡರ ಬಗ್ಗೆ ಅವರು ಯೋಚಿಸಿರಲಿಲ್ಲ.

ಅವರ ಹೆಂಡತಿ ಗಿರಿಜಮ್ಮ ಹರಿಹರದವರು, ಹೊಳೆದಂಡೆಯ ಓಣಿಯಲ್ಲಿ ಹುಟ್ಟಿ ಬೆಳೆದವರು. ಮಕ್ಕಳಿರಲಿಲ್ಲ. ಒಂದು ಬೇಸಿಗೆಯಲ್ಲಿ ತವರಿಗೆ ಹೋಗಿದ್ದವರು ವಾಪಸ್ಸು ಬರುವಾಗ ಸಣ್ಣ ಗಡಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಒಳಗೆ ಗೇಣುದ್ದದ ಮೀಸೆ ಮೀನು. ಹೊಳೆದಂಡೆಯಲ್ಲಿ ಮೀನು ಮಾರುವ ಗಂಗವ್ವನ ಬುಟ್ಟಿಯಲ್ಲಿ ಅದು ತಮ್ಮನ್ನೇ ನೋಡುತ್ತಿತ್ತಂತೆ. ಮೊಟ್ಟೆ ಹೊಸ್ತಿಲು ದಾಟದ ಲಿಂಗಾಯತರ ಮನೆಗೆ ಮೀನು ಬಂತೆಂದು ಓಣಿಯೇ ನೆರೆಯಿತು. ಮೇಷ್ಟ್ರು ಬೈಯುತ್ತಾರೆಂದು ನಾನು ಕಾದಿದ್ದೆ. ಅವರು ಮೀನಿನ ಮೀಸೆಯನ್ನು ಬಗ್ಗಿ ನೋಡಿ, ತಮ್ಮ ಮೀಸೆಯನ್ನು ಮುಟ್ಟಿಕೊಂಡು, "ಇರ್ಲಿ ಬಿಡು. ಮನಿಗೆ ಇನ್ನೊಬ್ಬ ಗಂಡಸು ಆದ" ಎಂದರು. ಮರುದಿನವೇ ಫೋಟೋಕ್ಕೆ ಕಟ್ಟು ಹಾಕುವ ಸಾಬರ ಅಂಗಡಿಗೆ ಹೋಗಿ, ನಾಲ್ಕು ಗಾಜು, ಕಬ್ಬಿಣದ ಪಟ್ಟಿ, ಪುಟ್ಟಿ ಹಾಕಿಸಿ ಒಂದು ಪೆಟ್ಟಿಗೆ ಮಾಡಿಸಿದರು. ಅಂಥ ಪೆಟ್ಟಿಗೆಯನ್ನು ಸಾಬರೂ ಅದುವರೆಗೆ ಮಾಡಿರಲಿಲ್ಲ. ಒಂದು ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಗಿರಿಜಮ್ಮ ಅದರ ಕೆಳಗೆ ಒಂದು ಬಟ್ಟಲಿಟ್ಟರು.

ಮೀನಿಗೆ ಮೀಸೆರಾಯ ಎಂದು ಹೆಸರಿಟ್ಟವರೂ ಗಿರಿಜಮ್ಮನೇ. ಜೋಳದ ರೊಟ್ಟಿಯ ಚೂರು, ಮಂಡಕ್ಕಿ ಹಾಕುತ್ತಿದ್ದರು. ಮಳೆ ಬಂದಾಗ ಹೂವಿನ ಪಾತಿಯಿಂದ ಎರೆಹುಳು ತೆಗೆದು, ಕಣ್ಣು ಮುಚ್ಚಿಕೊಂಡು ನೀರಿಗೆ ಬಿಟ್ಟು, "ಶಿವಾ ಶಿವಾ, ನನ್ನ ಲೆಕ್ಕಕ್ಕೆ ಬರಕೋಬ್ಯಾಡಪ್ಪ" ಎಂದು ಕೈ ತೊಳೆಯುತ್ತಿದ್ದರು. ಹಗಲೆಲ್ಲ ಮೀಸೆರಾಯ ತಳದಲ್ಲಿ ಕದಲದೆ ಇರುತ್ತಿತ್ತು. ಗಿರಿಜಮ್ಮ ಅದರ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದರು.

ಅವರಿಗೆ ಏದುಸಿರು ಶುರುವಾದದ್ದು ನಾನು ಬಂದ ಎರಡನೆಯ ವರ್ಷ. ನೀರು ಸೇದಿದರೆ ನಿಂತು ಉಸಿರೆಳೆದುಕೊಳ್ಳಬೇಕಿತ್ತು. ಮೇಷ್ಟ್ರು, ಮೈ ಜಡ್ಡುಗಟ್ಟಿದೆ ಎಂದರು. ದಿನಾ ಬೆಳಿಗ್ಗೆ ಹೆಂಡತಿಯನ್ನು ರೈಲ್ವೆ ಗೇಟಿನವರೆಗೆ ನಡೆಸಿಕೊಂಡು ಹೋಗಿ ಬರುವುದು ಆರಂಭವಾಯಿತು. ನಾನೂ ಕೆಲವು ದಿನ ಜೊತೆಗೆ ಹೋಗಿದ್ದೇನೆ. ಅರ್ಧ ದಾರಿಯಲ್ಲಿ ಒಂದು ಕಲ್ಲುಕಟ್ಟೆ ಇತ್ತು. ಅಲ್ಲಿಗೆ ಬಂದಾಗ ಗಿರಿಜಮ್ಮ, "ಒಂದು ಗಳಿಗಿ ಕುಂದ್ರತೀನ್ರಿ" ಎನ್ನುತ್ತಿದ್ದರು. ಇವರು, "ಇನ್ನ ಹತ್ತೇ ಹೆಜ್ಜೆ. ಒಂದು, ಎರಡು..." ಎಂದು ಎಣಿಸುತ್ತಿದ್ದರು. ಆಕೆ ನಗುತ್ತಾ ನಡೆಯುತ್ತಿದ್ದರು. ಹತ್ತು ಮುಗಿದ ಮೇಲೆ ಇನ್ನೊಂದು ಹತ್ತು ಬರುತ್ತಿತ್ತು. ಆಕೆಯ ತುಟಿ ನೀಲಿಯಾಗುತ್ತಿದ್ದುದನ್ನು ನಾನು ನೋಡಿದ್ದೆ. ಸೈನ್ಸ್ ಓದಿದವನು ನಾನು, ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಗಿರಿಜಮ್ಮ ವಾಕಿಂಗ್ ಮುಗಿಸಿ ಬಂದು, ನೀರು ಕುಡಿದು, ಒಲೆಯ ಮುಂದೆ ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಆಗಿತ್ತು. ಅವರು ಹೊರಡುವಾಗ ಬಾಗಿಲಲ್ಲಿ ನಿಂತು, "ಹಾರ್ಟು ವೀಕ್ ಇತ್ತು ಅನ್ಸುತ್ತೆ. ರೆಸ್ಟ್ ಬೇಕಿತ್ತು ಅವರಿಗೆ" ಎಂದರು. ಬೇಕೆಂದು ಚುಚ್ಚಿ ಹೇಳಿದ್ದಲ್ಲ. ಮೇಷ್ಟ್ರು, "ಹೌದ್ರಿ" ಎಂದರು.

ಅವರು ಅಳಲಿಲ್ಲ. ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಮೈದಾನದಲ್ಲಿ ಸೀಟಿ ಊದಿದರು. ಮೀಸೆಗೆ ಎಣ್ಣೆ ಹಚ್ಚಿದ್ದರು. ಹುಡುಗರು ಸದ್ದಿಲ್ಲದೆ ಸಾಲು ನಿಂತರು. ನನಗೂ ಏನೂ ಅನ್ನಿಸುತ್ತಿರಲಿಲ್ಲ. ಪಾಠ ಮಾಡುತ್ತಿದ್ದೆ, ಊಟ ಮಾಡುತ್ತಿದ್ದೆ. ಸಂಜೆ ಮನೆಗೆ ಬಂದರೆ ಒಳಗಿನ ಸದ್ದು ಬಟ್ಟಲಿಗೆ ತೊಟ್ಟಿಕ್ಕುವ ನೀರಿನದೊಂದೇ. ಒಂದು ತಿಂಗಳು ನಾವಿಬ್ಬರೂ ಗಿರಿಜಮ್ಮನ ಹೆಸರೆತ್ತಲಿಲ್ಲ.

ಆಮೇಲೆ ಮೀಸೆರಾಯನಿಗೆ ಹುಷಾರು ತಪ್ಪಿತು. ರೊಟ್ಟಿ ಹಾಕಿದರೆ ತಿನ್ನದು. ಪಕ್ಕೆಯ ಮೇಲೆ ಹತ್ತಿ ಅಂಟಿಸಿದಂತೆ ಬಿಳಿ ಬೂಸ್ಟು. ಮೇಷ್ಟ್ರು ನನ್ನನ್ನು ಕರೆದು ತೋರಿಸಿದರು. "ಏನರ ಮಾಡ್ರಿ ಸೈನ್ಸ್ ಮೇಷ್ಟ್ರೇ. ಇದೊಂದು ಹೋಗಬಾರ್ದು" ಎಂದರು. ದನಿ ಯಾವಾಗಿನಂತೆಯೇ ಇತ್ತು, ಕೈ ಮಾತ್ರ ಗಾಜಿನ ಮೇಲಿಂದ ಕದಲಲಿಲ್ಲ. ಬಾವಿ ಶುದ್ಧ ಮಾಡಲು ಹಾಕುವ ಪರ್ಮಾಂಗನೇಟು ಶಾಲೆಯ ಲ್ಯಾಬಿನಲ್ಲಿತ್ತು. ಒಂದು ಚಿಟಿಕೆ ತಂದು ಹಾಕಿದೆ. ನೀರು ನೇರಳೆಯಾಯಿತು. ಸ್ವಲ್ಪ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ಬಿಡತೊಡಗಿತು. ಗಾಬರಿಯಾಗಿ ಇಬ್ಬರೂ ಸೇರಿ ನೀರು ಬದಲಿಸಿದೆವು. ಬಾವಿಗೆ ಎಷ್ಟು ಹಾಕಬೇಕೆಂದು ನನಗೆ ಗೊತ್ತಿತ್ತು, ಪೆಟ್ಟಿಗೆಗೆ ಎಷ್ಟೆಂದು ಗೊತ್ತಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಹರಿಹರಕ್ಕೆ ಹೊರಟೆವು. ಮೇಷ್ಟ್ರ ಕೈಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬಕೀಟು. ನೀರು ತುಳುಕಬಾರದೆಂದು ಅದನ್ನು ಕೆಳಗಿಡದೆ ಹಿಡಿದುಕೊಂಡೇ ನಿಂತಿದ್ದರು. ಗುರುತಿನ ಜವಳಿ ವ್ಯಾಪಾರಿಯೊಬ್ಬರು ಬಟ್ಟೆ ಎತ್ತಿ ಇಣುಕಿ, "ಏನ್ ಮೇಷ್ಟ್ರೇ, ಯಾವಾಗಿಂದ ಶುರು ಮಾಡಿದ್ರಿ ಇದನ್ನ?" ಎಂದು ಕಣ್ಣು ಹೊಡೆದರು.

"ಹುಷಾರಿಲ್ಲ. ತೋರಿಸ್ಕಂಡು ಬರಾಕೆ ಹೊಂಟೀವಿ" ಎಂದರು ಮೇಷ್ಟ್ರು.

"ಯಾರಿಗೆ ಹುಷಾರಿಲ್ರಿ?"

"ಮೀನಿಗೆ."

ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರು ಬಟ್ಟೆಯನ್ನು ಮತ್ತೆ ಸರಿಯಾಗಿ ಮುಚ್ಚಿದರು.

ಗಂಗವ್ವ ಹೊಳೆದಂಡೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಅರವತ್ತು ದಾಟಿದ ಹೆಂಗಸು. ಮಾರುವ ತನಕ ಮೀನುಗಳನ್ನು ಗಡಿಗೆಯಲ್ಲಿ ಜೀವಂತ ಇಟ್ಟುಕೊಳ್ಳುವುದು ಅವಳ ಕಸುಬು. ಮೇಷ್ಟ್ರು ವಿಷಯ ಹೇಳಿದಾಗ ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಕ್ಕಳು. "ಸಾರು ಹೆಂಗೆ ಮಾಡ್ಬೇಕು ಅಂತ ಕೇಳಾಕೆ ಬರ್ತಾರೆ ನನ್ನ ತಾವ. ಬದುಕಿಸೋದು ಹೆಂಗೆ ಅಂತ ಕೇಳಿದೋರು ನೀವೇ ಮೊದಲು ನೋಡ್ರಿ." ಬಕೀಟಿನೊಳಗೆ ನೋಡಿದವಳೇ ನಗು ನಿಲ್ಲಿಸಿದಳು. "ನಮ್ಮ ಗಿರಿಜವ್ವ ಇಸ್ಕಂಡು ಹೋದ ಮೀನು ಅಲ್ಲೇನ್ರಿ ಇದು? ಆಕಿ ಬರಲಿಲ್ಲೇನು?"

ಮೇಷ್ಟ್ರು ಹೊಳೆಯ ಕಡೆ ನೋಡುತ್ತಾ ನಿಂತರು. ನಾನೇ ಹೇಳಬೇಕಾಯಿತು. ಗಂಗವ್ವ "ಅಯ್ಯ ನನ್ನವ್ವ" ಎಂದು ನೆಲಕ್ಕೆ ಕೈ ಹಚ್ಚಿದಳು. ಆಮೇಲೆ ಕೈ ತೋಯಿಸಿಕೊಂಡು ಮೀನನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿದಳು.

"ಇದನ್ನ ಕೋಲಿನಾಗೆ ಯಾರು ತಿವಿದಾರೆ?"

"ನಾನೇ" ಎಂದರು ಮೇಷ್ಟ್ರು.

ನನಗೆ ಅದು ಗೊತ್ತಿರಲಿಲ್ಲ. ಗಿರಿಜಮ್ಮ ಹೋದಂದಿನಿಂದ ಅವರು ದಿನಾ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಡ್ರಿಲ್ಲಿನ ಬೆತ್ತದಿಂದ ಮೀಸೆರಾಯನನ್ನು ಎಬ್ಬಿಸಿ ಪೆಟ್ಟಿಗೆಯಲ್ಲಿ ಇಪ್ಪತ್ತು ಸುತ್ತು ಈಜಿಸುತ್ತಿದ್ದರಂತೆ. "ಹಗಲೆಲ್ಲ ಸುಮ್ಕೆ ಬಿದ್ದಿರ್ತಿತ್ತು. ಹಿಂಗೇ ಬಿಟ್ರೆ ಇದೂ ಹೋಗ್ತೈತೆ ಅಂತ..." ಎಂದು ನಿಲ್ಲಿಸಿದರು.

"ಬಿದ್ದಿರಲಿಲ್ರಿ, ಅದು ಕುಂತಿತ್ತು" ಎಂದಳು ಗಂಗವ್ವ. "ಹಗಲು ಕುಂದ್ರೋ ಜಾತಿ ಇದು. ಕತ್ತಲಾದ ಮ್ಯಾಲೆ ತಾನೇ ತಿರಗ್ತೈತೆ. ಮೈಮ್ಯಾಲೆ ಚಿಪ್ಪಿಲ್ಲ ನೋಡ್ರಿ, ಲೋಳೀನೇ ಅದರ ಅಂಗಿ. ಕೋಲು ತಾಕಿ ಅಂಗಿ ಹರದೈತೆ, ಬೂಸ್ಟು ಹತ್ತೈತೆ. ನೀವು ಚಲೋದಕ್ಕೇ ಮಾಡೀರಿ, ಇದರ ಮೈ ತಡೀಲಿಲ್ಲ, ಅಷ್ಟೇ."

ಮದ್ದನ್ನೂ ಅವಳೇ ಹೇಳಿದಳು. ತಿಳಿಯಾದ ಬಾವಿ ನೀರು. ಅದಕ್ಕೆ ಸ್ವಲ್ಪ ಕಲ್ಲುಪ್ಪು, ಚಿಪ್ಪಿರುವ ಮೀನಿಗೆ ಹಾಕುವುದರ ಅರ್ಧ ಮಾತ್ರ, ಹೆಚ್ಚಾದರೆ ಇದರ ಮೈ ಉರಿಯುತ್ತದೆ. ಅಡಗಿಕೊಳ್ಳಲು ಒಡೆದ ಗಡಿಗೆಯ ಒಂದು ದೊಡ್ಡ ಚೂರು. ಬಿಸಿಲು ಬೀಳದಂತೆ ಒಂದು ಬಟ್ಟೆ. "ಆಮ್ಯಾಲೆ ಏನೂ ಮಾಡಬ್ಯಾಡ್ರಿ. ಕೈ ಕಟ್ಟಿಕೊಂಡು ಇರ್ರಿ. ಅದೇ ಕಷ್ಟ ನಿಮ್ಗೆ" ಎಂದಳು.

ಗಾಡಿಗೆ ಇನ್ನೂ ಹೊತ್ತಿತ್ತು. ಹೊಳೆಯ ಮೆಟ್ಟಿಲಿನ ತನಕ ಬಂದೆವು. ಮೇಷ್ಟ್ರು ಬಕೀಟನ್ನು ಕೆಳಗಿಟ್ಟು, ಒಂದು ಕೈಯನ್ನು ಕಲ್ಲಿಗೆ ಊರಿ, ಮಂಡಿ ಮಡಚಿ ಕೂತರು. ಆ ದೊಡ್ಡ ದೇಹಕ್ಕೆ ಕೂರುವ ರೂಢಿ ಇರಲಿಲ್ಲ, ಕಾಲು ಎಲ್ಲಿಡಬೇಕೆಂದು ಗೊತ್ತಾಗದೆ ಎರಡು ಸಲ ಸರಿಸಿದರು. ನೀರು ನೋಡುತ್ತಾ ಹೇಳಿದರು:

"ಆಕಿನೂ ಕುಂದ್ರತೀನಿ ಅಂತಿದ್ಲು, ಮೇಷ್ಟ್ರೇ."

ಅವರು ಆಗಲೂ ಅಳಲಿಲ್ಲ. ಬಟ್ಟೆಯ ಅಂಚನ್ನು ಹೊಳೆಯ ನೀರಿನಲ್ಲಿ ತೋಯಿಸಿ ಬಕೀಟಿನ ಮೇಲೆ ಹಾಕಿದರು.

ಮೂರು ವಾರಕ್ಕೆ ಬೂಸ್ಟು ಉದುರಿತು. ಆ ಮೂರು ವಾರ ಮೇಷ್ಟ್ರು ಬೆಳಿಗ್ಗೆ ಸಂಜೆ ಪೆಟ್ಟಿಗೆಯ ಮುಂದೆ, ಗಿರಿಜಮ್ಮ ಅಕ್ಕಿ ಆರಿಸುತ್ತಿದ್ದ ಜಾಗದಲ್ಲಿ, ಕೈ ಕಟ್ಟಿಕೊಂಡು ಕೂರುತ್ತಿದ್ದರು. ಬೆತ್ತ ಮೂಲೆಯಲ್ಲಿತ್ತು. ಒಂದು ಸಂಜೆ ಮೀಸೆರಾಯ ಗಡಿಗೆ ಚೂರಿನ ಕೆಳಗಿನಿಂದ ಬಂದು ರೊಟ್ಟಿ ಚೂರು ತಿಂದಿತು. ನಾನು ಖುಷಿಯಿಂದ ಕೂಗಿದೆ. ಅವರು, "ತಿಂತು" ಎಂದರು, ಅಷ್ಟೇ. ಶಾಲೆಯಲ್ಲಿ ಡ್ರಿಲ್ಲು ನಡೆಯಿತು, ಸೀಟಿಯೂ ಇತ್ತು. ಆದರೆ ಯಾವ ಹುಡುಗನಾದರೂ ಸುಸ್ತೆಂದು ಕೈಯೆತ್ತಿದರೆ, "ಹೋಗು, ಬೇವಿನ ಮರದ ಕೆಳಗೆ ಕುಂದ್ರು" ಎನ್ನುತ್ತಿದ್ದರು. ಹುಡುಗರು ಇದನ್ನು ದುರುಪಯೋಗ ಮಾಡಿಕೊಂಡರು. ಕೆಲವು ದಿನ ಮೈದಾನಕ್ಕಿಂತ ಮರದ ಕೆಳಗೇ ಹೆಚ್ಚು ಜನ. ಹೆಡ್ ಮಾಸ್ಟರು ಕೇಳಿದ್ದಕ್ಕೆ, "ಯಾರಿಗೆ ಖರೇ ಸುಸ್ತು, ಯಾರಿಗೆ ಸುಳ್ಳು ಅಂತ ನನಗೆ ತಿಳಿಯಂಗಿಲ್ರಿ" ಎಂದರು.

ನನಗೆ ಬೇರೆ ಊರಿಗೆ ವರ್ಗವಾಯಿತು. ಅವರು ರಿಟೈರ್ ಆಗಿ ಹರಿಹರದಲ್ಲಿ, ಗಿರಿಜಮ್ಮನ ತವರಿನ ಓಣಿಯಲ್ಲೇ ಒಂದು ಕೋಣೆ ಹಿಡಿದರು. ನಾಲ್ಕೈದು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಆ ಕಡೆ ಹೋದವನು ಹುಡುಕಿಕೊಂಡು ಹೋದೆ. ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತಿದ್ದರು. ಮೀಸೆ ಬೆಳ್ಳಗಾಗಿ ತುದಿ ಕೆಳಗೆ ಬಿದ್ದಿತ್ತು. ಒಳಗೆ ಗಾಜಿನ ಪೆಟ್ಟಿಗೆ ಒಣಗಿತ್ತು, ಗಡಿಗೆ ಚೂರು ಹಾಗೇ ಇತ್ತು. "ಹೋದ ವರ್ಷ ಹೋತು. ವಯಸ್ಸಾಗಿತ್ತು. ಕುಂತಲ್ಲೇ ಹೋತು" ಎಂದರು. ಅದನ್ನು ಹೇಳುವಾಗ ಅವರಿಗೆ ಸಮಾಧಾನವಿದ್ದಂತೆ ಕಂಡಿತು.

ನನಗೂ ಒಂದು ಮಣೆ ಹಾಕಿದರು. ಇಬ್ಬರೂ ಓಣಿ ನೋಡುತ್ತಾ ಕೂತೆವು. ಅರ್ಧ ಗಂಟೆಯಾದ ಮೇಲೆ ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

"ಇನ್ನೊಂದು ಗಳಿಗಿ ಕೂಡ್ರಿ, ಸೈನ್ಸ್ ಮೇಷ್ಟ್ರೇ" ಎಂದರು.

"ಇಲ್ರಿ, ಬಸ್ಸು ಹೋಗಿಬಿಡುತ್ತೆ" ಎಂದು ಕೈ ಮುಗಿದು ಬಂದೆ. ಆ ವರ್ಷವೇ ಅವರು ಹೋದರೆಂದು ಆಮೇಲೆ ಕಾರ್ಡು ಬಂತು. ಅಂದು ಆ ಬಸ್ಸಿನ ಹಿಂದೆ ಇನ್ನೊಂದು ಬಸ್ಸಿತ್ತು. ನನಗೆ ಗೊತ್ತಿತ್ತು.