ಸಾಹೇಬರಿಗೆ ಹಾಸಿದ ಕಂಬಳಿ

ಆನ್‌ಲೈನ್ ಸಂದರ್ಶನದ ಎರಡನೇ ಪ್ರಶ್ನೆಗೇ ನನ್ನ ಲ್ಯಾಪ್‌ಟಾಪ್ ಕಾದು ಬಂದ್ ಆಯಿತು. ಡಾಬಕಾದ ನಮ್ಮ ಮನೆಯಲ್ಲಿ ಯಾರೇ ಬಂದರೂ ಕಂಬಳಿ ಹಾಸುವುದು ರೂಢಿ. ಪರದೆಯಲ್ಲಿ ಸಾಹೇಬರು ಬರುತ್ತಾರೆಂದು ಕೇಳಿದ್ದ ಅತ್ತೆ ಲ್ಯಾಪ್‌ಟಾಪಿನ ಅಡಿಗೂ ಕುರಿ ಉಣ್ಣೆಯ ಕಂಬಳಿ ಹಾಸಿದ್ದರು. ಬೇಡವೆನ್ನಲು ನನಗೂ ತೋಚಿರಲಿಲ್ಲ. ಅಳುವೇ ಬಂತು.

ಅತ್ತೆ ಲ್ಯಾಪ್‌ಟಾಪಿನ ತಳ ಮುಟ್ಟಿ ನೋಡಿ ಕಂಬಳಿ ಎಳೆದು ಬಿಸಾಕಿದರು. "ಅಳಬ್ಯಾಡ. ಬಿಸಿ ರೊಟ್ಟಿ ಆರಸಿದಂಗ ಆರಸೋಣ" ಎಂದು ಬಿದಿರಿನ ರೊಟ್ಟಿ ಬುಟ್ಟಿಯನ್ನು ಬೋರಲು ಹಾಕಿ, ಲ್ಯಾಪ್‌ಟಾಪನ್ನು ಅದರ ಮೇಲಿಟ್ಟು ಸೆರಗಿನಿಂದ ಗಾಳಿ ಬೀಸಿದರು. ಹತ್ತು ನಿಮಿಷದಲ್ಲಿ ಅದು ಮತ್ತೆ ಶುರುವಾಯಿತು. ಸಾಹೇಬರು ಇನ್ನೂ ಕಾಯುತ್ತಿದ್ದರು. ಕೊನೆಯ ಪ್ರಶ್ನೆಯವರೆಗೂ ಅದು ಕೈಕೊಡಲಿಲ್ಲ.

ಈಗ ಬೀದರಿನ ಚಿದ್ರಿ ಬಡಾವಣೆಯ ಮನೆಯಲ್ಲೂ ನಾನು ಕೆಲಸ ಮಾಡುವುದು ಅದೇ ಬುಟ್ಟಿಯ ಮೇಲೆ. ಅತ್ತೆಯಂತೂ ಬಂದವರಿಗೆಲ್ಲ "ಸೊಸಿಗಿ ನೌಕರಿ ನಾನೇ ಕೊಡಸೀನ್ರಿ" ಅನ್ನುತ್ತಾರೆ. ನಾನು ಹೌದೆನ್ನುತ್ತೇನೆ.